ಲಾವಾ ಲ್ಯಾಂಪ್: ಹಳೆಯದು ಹರಿಯುತ್ತದೆ, ಹೊಸದು ಕೂತೇ ಇರುತ್ತದೆ. ಯಾಕೆ?

ಹಳೆಯ ಅಲಂಕಾರದ ದೀಪಗಳ ಕುರಿತ ನಮ್ಮ ಲೇಖನ ಓದಿ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಲಾವಾ ಲ್ಯಾಂಪ್‌ನದ್ದೇ. ಗಾಜಿನ ಬಾಟಲಿಯೊಳಗೆ ಬಣ್ಣದ ಮೇಣ ಕರಗಿ ಮೇಲೆ ಕೆಳಗೆ ಆಡುತ್ತದಲ್ಲ, ಅದೇ ದೀಪ. ಅಮೆರಿಕದಿಂದಲೋ ಗಲ್ಫ್‌ನಿಂದಲೋ ಬಂದವರು ಒಂದೊಂದು ತಂದಿಟ್ಟ ಕಾರಣ ಮಂಗಳೂರು, ಉಡುಪಿ ಕಡೆಯ ಷೋಕೇಸ್‌ಗಳಲ್ಲಿ ಇದು ಅಪರೂಪವೇನಲ್ಲ. ಈಗ ಆನ್‌ಲೈನ್‌ನಲ್ಲೂ ಸಿಗುತ್ತದೆ. ಪತ್ರಗಳಲ್ಲಿದ್ದ ದೂರು ಬಹುಪಾಲು ಒಂದೇ: ಹೊಸದು ಹಳೆಯದರಂತೆ ಇಲ್ಲ. ಆಯ್ದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ದೊಡ್ಡಪ್ಪನ ಮನೆಯಲ್ಲಿ 1990ರ ದಶಕದಲ್ಲಿ ತಂದ ಲ್ಯಾಂಪ್ ಇದೆ. ಈಗಲೂ ಅದರಲ್ಲಿ ದೊಡ್ಡ ಉಂಡೆಗಳು ನಿಧಾನಕ್ಕೆ ಏರಿ ಇಳಿಯುತ್ತವೆ. ಅಷ್ಟೇ ಎತ್ತರದ ಹೊಸದನ್ನು ತರಿಸಿದರೆ ಮೇಣ ತಳದಲ್ಲಿ ಗುಡ್ಡೆಯಾಗಿ ಕೂತಿದೆ, ಹೆಚ್ಚೆಂದರೆ ಒಂದು ಕಂಬ ಎದ್ದು ನಿಲ್ಲುತ್ತದೆ. ಕ್ವಾಲಿಟಿ ಅಷ್ಟು ಕೆಟ್ಟಿದೆಯೇ?
– ಒಬ್ಬ ಓದುಗರು, ಕದ್ರಿ

ಉತ್ತರ: ಕೆಟ್ಟಿದೆ, ಆದರೆ ನೀವು ಅಂದುಕೊಂಡಷ್ಟಲ್ಲ. ಇಂಥ ದೂರುಗಳಲ್ಲಿ ದೊಡ್ಡ ಪಾಲು ಬಿಸಿಯ ಲೆಕ್ಕ ತಪ್ಪಿದ್ದರಿಂದ ಬಂದದ್ದು. ಅದನ್ನು ಕಳೆದು ಉಳಿದದ್ದು ಮಾತ್ರ ತಯಾರಕರ ತಪ್ಪು. ಎರಡನ್ನೂ ಬೇರೆ ಮಾಡಲು ದೀಪ ಹೇಗೆ ಕೆಲಸ ಮಾಡುತ್ತದೆಂದು ತಿಳಿದಿರಬೇಕು.

ಬಾಟಲಿಯಲ್ಲಿ ಮುಖ್ಯವಾಗಿ ಇರುವುದು ಎರಡು: ನೀರು ಆಧಾರದ ದ್ರವ, ಮತ್ತು ಅದರಲ್ಲಿ ಬೆರೆಯದ ಮೇಣ. ಮೇಣದಬತ್ತಿಗೆ ಬಳಸುವ ಪ್ಯಾರಫಿನ್‌ನ ಸಾಂದ್ರತೆ ಸುಮಾರು 0.9, ನೀರಿನದ್ದು 1. ಅದನ್ನು ಹಾಗೇ ಹಾಕಿದರೆ ತಣ್ಣಗಿದ್ದಾಗಲೂ ತೇಲುತ್ತದೆ. ಆದ್ದರಿಂದ ಮೇಣಕ್ಕೆ ಭಾರವಾದ ರಾಸಾಯನಿಕ ಸೇರಿಸುತ್ತಾರೆ. ಆಗ ತಣ್ಣಗಿದ್ದಾಗ ಅದು ದ್ರವಕ್ಕಿಂತ ಕೂದಲೆಳೆಯಷ್ಟು ಭಾರ, ಬಿಸಿಯಾಗಿ ಹಿಗ್ಗಿದಾಗ ಕೂದಲೆಳೆಯಷ್ಟು ಹಗುರ. ನೀರೂ ಹಿಗ್ಗುತ್ತದೆ, ಆದರೆ ಮೇಣದಷ್ಟಲ್ಲ. ತಳದಲ್ಲಿ ಕಾದ ಮೇಣ ಏರುತ್ತದೆ, ಮೇಲೆ ತಣಿದು ಇಳಿಯುತ್ತದೆ. ತಳದಲ್ಲಿ ಕಾಣುವ ತಂತಿಯ ಸುರುಳಿ ಅಲಂಕಾರಕ್ಕಲ್ಲ. ಇಳಿದುಬಂದ ಉಂಡೆಗಳ ಮೇಲ್ಮೈ ಒಡೆದು ಅವು ಮತ್ತೆ ಒಂದಾಗುವಂತೆ ಮಾಡುವುದು, ತಳದ ಬಿಸಿಯನ್ನು ಮೇಣದೊಳಕ್ಕೆ ದಾಟಿಸುವುದು ಅದರ ಕೆಲಸ.

ಈ ದೀಪವನ್ನು ಇಂಗ್ಲೆಂಡಿನ ಎಡ್ವರ್ಡ್ ಕ್ರೇವನ್ ವಾಕರ್ 1963ರಲ್ಲಿ 'ಆಸ್ಟ್ರೊ' ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ಅವರ ಕಂಪೆನಿ ಕ್ರೆಸ್ಟ್‌ವರ್ತ್ ಇದ್ದದ್ದು ಡಾರ್ಸೆಟ್‌ನ ಪೂಲ್ ಊರಿನಲ್ಲಿ. 1960ರ ದಶಕದ ಮಧ್ಯದಲ್ಲಿ ಅಮೆರಿಕದ ಹಕ್ಕು ಷಿಕಾಗೋದವರ ಪಾಲಾಯಿತು. 1968ರಲ್ಲಿ ಸಿಕ್ಕ ಅಮೆರಿಕದ ಪೇಟೆಂಟ್‌ನಲ್ಲಿ ಮೇಣವನ್ನು ಭಾರ ಮಾಡಲು ಹೇಳಿರುವುದು ಕಾರ್ಬನ್ ಟೆಟ್ರಾಕ್ಲೋರೈಡ್. ಅದರ ಸಾಂದ್ರತೆ 1.59, ಸ್ವಲ್ಪ ಬೆರೆಸಿದರೂ ಸಾಕು, ಮೇಣದೊಂದಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಅದು ಲಿವರ್‌ಗೆ ವಿಷ. ಅಮೆರಿಕ 1970ರಲ್ಲಿ ಅದನ್ನು ಮನೆಬಳಕೆಯ ವಸ್ತುಗಳಿಂದ ಹೊರಗಿಟ್ಟಿತು. ಮುಂದೆ ಬಂದ ಮಿಶ್ರಣಗಳೆಲ್ಲ ಆ ಜಾಗ ತುಂಬುವ ಪ್ರಯತ್ನ. ಹಾಗಾಗಿ 'ಮೊದಲಿನ ಫಾರ್ಮುಲಾ ಯಾಕೆ ಬಿಟ್ಟರು' ಎಂದು ಬೈಯುವುದರಲ್ಲಿ ಅರ್ಥವಿಲ್ಲ. ಬಿಟ್ಟದ್ದೇ ಒಳ್ಳೆಯದಾಯಿತು.

ಬೈಯಬಹುದಾದ್ದು ಆಮೇಲಿನದ್ದನ್ನು. ಅಮೆರಿಕದ ಬ್ರ್ಯಾಂಡ್ 2003ರಲ್ಲಿ ತಯಾರಿಕೆಯನ್ನು ಚೀನಾಕ್ಕೆ ಸಾಗಿಸಿತು. ಸಂಗ್ರಾಹಕರ ದೂರುಗಳು ಹೆಚ್ಚಾದದ್ದು ಆ ನಂತರದ ದೀಪಗಳ ಮೇಲೆ: ದ್ರವ ಮೊದಲ ದಿನವೇ ಮಬ್ಬು, ಮೇಣದಲ್ಲಿ ಪಾರದರ್ಶಕತೆ ಇಲ್ಲ, ತಳದ ಲೋಹ ತೆಳು, ಬಣ್ಣ ಬೇಗ ಏಳುತ್ತದೆ. ಒಂದು ಬ್ಯಾಚ್ ಚೆನ್ನಾಗಿದ್ದರೆ ಇನ್ನೊಂದು ಹಾಳು. ಕ್ರೆಸ್ಟ್‌ವರ್ತ್‌ನ ವಾರಸುದಾರ ಮ್ಯಾತ್‌ಮೋಸ್ ಈಗಲೂ ಪೂಲ್‌ನಲ್ಲೇ ದೀಪ ಮಾಡುತ್ತಿದೆ. ಬೆಲೆ ಹೆಚ್ಚು. 'ಈಗ ಯಾರಿಗೂ ಮಾಡಲು ಬರುವುದಿಲ್ಲ' ಎನ್ನುವವರಿಗೆ ಅದೇ ಉತ್ತರ. ಇನ್ನೂ ಒಂದು ಮಾತು. ಹಳೆಯ ದೀಪಗಳಲ್ಲಿ ಹಾಳಾದವು ಎಂದೋ ಗುಜರಿಗೆ ಹೋಗಿವೆ. ನಾವು ಇವತ್ತು ನೋಡುತ್ತಿರುವುದು ಬದುಕಿ ಉಳಿದ ಗಟ್ಟಿ ಮಾಲು ಮಾತ್ರ. ಹೋಲಿಕೆ ಅಲ್ಲೇ ಸ್ವಲ್ಪ ವಾಲಿರುತ್ತದೆ.

ಈಗ ನಿಮ್ಮ ದೀಪಕ್ಕೆ ಬರೋಣ. ನಿಮ್ಮಲ್ಲಿ ಒಂದು ಒಳ್ಳೆಯ ಅನುಕೂಲವಿದೆ: ಎರಡೂ ಒಂದೇ ಎತ್ತರದವು. ತಳದ ಲೇಬಲ್‌ನಲ್ಲಿ ವಾಟ್ ಒಂದೇ ಆಗಿದ್ದು ಬಾಟಲಿ ಸರಿಯಾಗಿ ಕೂರುವುದಾದರೆ, ಪೂರ್ತಿ ತಣಿದಿರುವಾಗ ಬಾಟಲಿಗಳನ್ನು ಅದಲು ಬದಲು ಮಾಡಿ. ಹೊಸ ಬಾಟಲಿ ಹಳೆಯ ತಳದ ಮೇಲೆ ಹರಿದರೆ ಮೇಣ ಸರಿಯಿದೆ, ತಪ್ಪು ಹೊಸ ತಳದ್ದು: ಬಲ್ಬ್ ಕಡಿಮೆ ವಾಟಿನದ್ದು, ಇಲ್ಲವೇ ಹೋಲ್ಡರ್ ತೀರ ಕೆಳಗಿದ್ದು ಬಲ್ಬಿನ ತುದಿಗೂ ಗಾಜಿಗೂ ಅಂತರ ಜಾಸ್ತಿ. ಹಳೆಯ ತಳದ ಮೇಲೂ ಮೂರು ತಾಸಿನ ನಂತರ ಗುಡ್ಡೆಯಾಗಿಯೇ ಕೂತರೆ ಮಿಶ್ರಣವೇ ಭಾರ. ಇದು ಕಾರ್ಖಾನೆಯ ತಪ್ಪು, ವಾಪಸ್ ಕೊಡಿ.

ಆದರೆ ಪರೀಕ್ಷೆಗೆ ಮೊದಲು ಹೊಸ ದೀಪಕ್ಕೆ ನಾಲ್ಕೈದು ಸುತ್ತು ಅವಕಾಶ ಕೊಡಬೇಕು. ಒಂದು ಸುತ್ತು ಎಂದರೆ 6ರಿಂದ 8 ತಾಸು ಉರಿಸುವುದು, ಆಮೇಲೆ ಕೈಗೆ ತಣ್ಣಗೆ ತಾಗುವವರೆಗೆ ಆರಿಸುವುದು. ಸಾಗಣೆಯಲ್ಲಿ ಚೆದುರಿದ ಮೇಣ, ಮೇಣದೊಳಗೆ ಸಿಕ್ಕಿಕೊಂಡ ಸುರುಳಿ ಸರಿಯಾಗಲು ಇಷ್ಟು ಬೇಕು. ಸೀಲಿಂಗ್ ಫ್ಯಾನಿನ ನೇರ ಕೆಳಗೆ ಇಟ್ಟಿದ್ದರೆ ಮೊದಲು ಅಲ್ಲಿಂದ ತೆಗೆಯಿರಿ. ಕಂಬ ಎದ್ದು ನಿಂತು ಒಡೆಯದೇ ಇರುವುದಕ್ಕೆ ತುಂಬ ಸಲ ಅದೊಂದೇ ಕಾರಣ.

ಪ್ರಶ್ನೆ: ಬಲ್ಬ್ ಹೋಯಿತೆಂದು 5 ವಾಟ್‌ನ ಎಲ್‌ಇಡಿ ಹಾಕಿದೆ, '40 ವಾಟ್‌ಗೆ ಸಮ' ಎಂದು ಡಬ್ಬದ ಮೇಲಿದೆ. ಬೆಳಕು ಬರುತ್ತದೆ, ಮೇಣ ಅಲುಗುವುದಿಲ್ಲ.
– ವಿದ್ಯಾರ್ಥಿ, ಮಣಿಪಾಲ

ಉತ್ತರ: ಸಮ ಎಂದದ್ದು ಬೆಳಕಿಗೆ, ಬಿಸಿಗಲ್ಲ. ಈ ದೀಪದಲ್ಲಿ ಬಲ್ಬ್ ಇರುವುದೇ ಒಲೆಯಾಗಿ. ಫಿಲಮೆಂಟ್ ಬಲ್ಬೇ ಬೇಕು: ಸಾಮಾನ್ಯವಾಗಿ 14.5 ಇಂಚಿನ ದೀಪಕ್ಕೆ 25 ವಾಟ್, 16ರಿಂದ 17 ಇಂಚಿನದ್ದಕ್ಕೆ 40 ವಾಟ್, 27 ಇಂಚಿನ ದೊಡ್ಡದಕ್ಕೆ 100 ವಾಟ್. ಲೇಬಲ್‌ನಲ್ಲಿ ಬೇರೆ ಇದ್ದರೆ ಲೇಬಲ್ಲೇ ಸರಿ. ರಿಫ್ಲೆಕ್ಟರ್ ಬಲ್ಬ್ ಎಂದು ಬರೆದಿದ್ದರೆ, ಅಂದರೆ ಬದಿಗೆ ಬೆಳ್ಳಿಬಣ್ಣ ಬಳಿದದ್ದು, ಅದನ್ನೇ ಹಾಕಿ. ಅದು ಬಿಸಿಯನ್ನು ಮೇಲಕ್ಕೇ ತಳ್ಳುತ್ತದೆ. ಅದೇ ವಾಟಿನ ಸಾದಾ ಬಲ್ಬ್ ಹಾಕಿದರೆ ಬಿಸಿ ಸುತ್ತಲೂ ಹಂಚಿಹೋಗಿ ಮೇಣಕ್ಕೆ ಸಾಲದು. ಹಂಪನಕಟ್ಟೆಯ ಹಳೆಯ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಇನ್ನೂ ಫಿಲಮೆಂಟ್ ಬಲ್ಬ್ ಕೇಳಿದರೆ ಸಿಗುತ್ತದೆ. ಸಿಕ್ಕಿದಾಗ ಎರಡು ಹೆಚ್ಚು ತೆಗೆದಿಟ್ಟುಕೊಳ್ಳಿ. ಹೋಲ್ಡರ್ ತಿರುಪಿನದ್ದೋ ಪಿನ್ನಿನದ್ದೋ ನೋಡಿಕೊಂಡೇ ಹೋಗಿ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಚೆನ್ನಾಗಿತ್ತು. ಏಪ್ರಿಲ್ ಬಂದ ಮೇಲೆ ಎರಡು ತಾಸು ಚಂದ, ಆಮೇಲೆ ಮೇಣ ಎಲ್ಲ ಸಣ್ಣ ಸಣ್ಣ ಗುಳ್ಳೆಯಾಗಿ ಕುದಿದ ಹಾಗೆ ಕಾಣುತ್ತದೆ. ಕೊನೆಗೆ ಪೂರಾ ಮೇಲೆ ಹೋಗಿ ಅಲ್ಲೇ ನಿಲ್ಲುತ್ತದೆ. ಹಾಳಾಯಿತಾ ಮಾರಾಯ್ರೆ?
– ಓದುಗರು, ಸುರತ್ಕಲ್

ಉತ್ತರ: ಹಾಳಾಗಿಲ್ಲ, ಸೆಕೆಗೆ ಸೋತಿದೆ. ಈ ದೀಪಗಳನ್ನು ಲೆಕ್ಕ ಹಾಕಿರುವುದು 20ರಿಂದ 25 ಡಿಗ್ರಿ ಇರುವ ಕೋಣೆಗೆ. ನಮ್ಮ ಕರಾವಳಿಯಲ್ಲಿ ಏಪ್ರಿಲ್, ಮೇ ತಿಂಗಳ ಸಂಜೆ ಮುಚ್ಚಿದ ಕೋಣೆಯಲ್ಲಿ 31, 32 ಡಿಗ್ರಿ ಮಾಮೂಲು. ಏರಿದ ಮೇಣಕ್ಕೆ ತಣಿಯಲು ಜಾಗವೇ ಇಲ್ಲದಿದ್ದರೆ ಅದು ಕೆಳಗೆ ಬರುವುದಾದರೂ ಹೇಗೆ? ಗುಳ್ಳೆಯಾಗುವುದು ಮೊದಲ ಸೂಚನೆ, ಮೇಲೆ ಹೋಗಿ ನಿಲ್ಲುವುದು ಕೊನೆಯದು.

ವೋಲ್ಟೇಜ್ ಕೂಡ ಸೇರಿಕೊಳ್ಳುತ್ತದೆ. 230 ವೋಲ್ಟ್‌ಗೆ ಮಾಡಿದ 40 ವಾಟ್ ಬಲ್ಬ್ 245 ವೋಲ್ಟ್‌ನಲ್ಲಿ ಸುಮಾರು 44 ವಾಟ್ ಎಳೆಯುತ್ತದೆ, 205ಕ್ಕೆ ಇಳಿದರೆ ಸುಮಾರು 33. ಕೋಣೆಯ ಬೆಳಕಿನಲ್ಲಿ ಈ ವ್ಯತ್ಯಾಸ ನಿಮ್ಮ ಗಮನಕ್ಕೂ ಬರುವುದಿಲ್ಲ, ಮೇಣಕ್ಕೆ ಬರುತ್ತದೆ. ಸಂಜೆ ಏಳಕ್ಕೆ ಮಂಕಾಗಿದ್ದ ದೀಪ ರಾತ್ರಿ ಹನ್ನೊಂದಕ್ಕೆ ಹುಚ್ಚೆದ್ದು ಕುಣಿದರೆ ಮಲ್ಟಿಮೀಟರ್ ಹಿಡಿದು ಎರಡೂ ಹೊತ್ತಿನಲ್ಲಿ ಪ್ಲಗ್‌ನ ವೋಲ್ಟೇಜ್ ನೋಡಿ.

ಇದಕ್ಕೆ ಮದ್ದು ಡಿಮ್ಮರ್. ಟೇಬಲ್ ಲ್ಯಾಂಪಿನ ವೈರ್‌ಗೆ ಹಾಕುವ, ಫಿಲಮೆಂಟ್ ಬಲ್ಬಿಗೆ ಹೊಂದುವ ಡಿಮ್ಮರ್ ಸಾಕು. ಮೊದಲ ಎರಡು ತಾಸು ಪೂರ್ತಿ ಇಡಿ. ಉಂಡೆಗಳು ಹರಿಯಲು ಶುರುವಾದ ಮೇಲೆ ಸ್ವಲ್ಪ ಇಳಿಸಿ, ಅರ್ಧ ತಾಸು ಕಾದು ನೋಡಿ, ಗುಳ್ಳೆ ಇನ್ನೂ ಸಣ್ಣದಿದ್ದರೆ ಮತ್ತೆ ಸ್ವಲ್ಪ ಇಳಿಸಿ. ಅರ್ಧ ತಾಸಿಗೆ ಮೊದಲು ಕೈ ಹಾಕಬೇಡಿ, ಒಂದು ಲೀಟರ್ ದ್ರವ ಅಷ್ಟು ಬೇಗ ಬಿಸಿ ಬದಲಿಸುವುದಿಲ್ಲ. ಸರಿಯಾದ ಜಾಗ ಸಿಕ್ಕಿದ ಮೇಲೆ ಡಿಮ್ಮರ್ ಮೇಲೆ ಪೆನ್ನಿನಿಂದ ಗುರುತು ಹಾಕಿ, ಬೇಸಗೆಗೊಂದು, ಮಳೆಗಾಲಕ್ಕೊಂದು. ಹಳೆಯ ಫ್ಯಾನ್ ರೆಗ್ಯುಲೇಟರ್ ಬಿದ್ದಿದೆ, ಅದನ್ನೇ ಹಾಕುತ್ತೇನೆ ಎನ್ನಬೇಡಿ. ಈಗಿನ ಮೆಟ್ಟಿಲು ಮೆಟ್ಟಿಲಾಗಿ ತಿರುಗುವ ರೆಗ್ಯುಲೇಟರ್‌ನಲ್ಲಿ ಕೆಪಾಸಿಟರ್ ಇರುತ್ತದೆ, ಅದರ ಲೆಕ್ಕ ಫ್ಯಾನಿನ ಮೋಟರಿಗೆ ಮಾತ್ರ. ಡಿಮ್ಮರ್ ಬೇಡವೆಂದರೆ 40ರ ಜಾಗಕ್ಕೆ 25 ವಾಟ್ ಹಾಕಿ ನೋಡಬಹುದು, ಆದರೆ ಮಳೆಗಾಲದಲ್ಲಿ ಅದು ಸಾಲದೇ ಹೋಗಬಹುದು. ಎ.ಸಿ. ಇರುವ ಕೋಣೆಯಲ್ಲಿ 24ಕ್ಕೆ ಇಟ್ಟರೆ ಯಾವುದೂ ಬೇಡ. ಹೇಗಿದ್ದರೂ ದಿನಕ್ಕೆ 8ರಿಂದ 10 ತಾಸಿಗಿಂತ ಹೆಚ್ಚು ಉರಿಸಬೇಡಿ.

ಪ್ರಶ್ನೆ: ಹೊಸ ದೀಪದ ನೀರು ಡಬ್ಬ ಬಿಚ್ಚಿದಾಗಲೇ ಮಂಜು ಕವಿದ ಹಾಗಿತ್ತು. ಮಾರಿದವರು 'ಉರಿಸಿ, ಸರಿಯಾಗುತ್ತದೆ' ಎನ್ನುತ್ತಾರೆ. ವಾಪಸ್ ಕೊಡುವ ಅವಧಿ ಮುಗಿಯುತ್ತಾ ಬಂತು.
– ಗೃಹಿಣಿ, ಬಿಜೈ

ಉತ್ತರ: ಅರ್ಧ ನಿಜ. ಸಾಗಣೆಯಲ್ಲಿ ಬಿಸಿಲಿಗೆ ಮೇಣ ಮೆತ್ತಗಾಗಿ, ಕುಲುಕಾಟಕ್ಕೆ ಕಣಕಣವಾಗಿ ದ್ರವದಲ್ಲಿ ತೇಲುತ್ತಿದ್ದರೆ ಎರಡು ಮೂರು ಸುತ್ತಿನಲ್ಲಿ ಕಡಿಮೆಯಾಗುತ್ತದೆ. ಹೀಗೆ ಮಾಡಿ: ದೀಪ ಪೂರ್ತಿ ತಣಿದಿರುವಾಗ ಬಾಟಲಿಯ ಹಿಂದೆ ದಿನಪತ್ರಿಕೆ ಹಿಡಿದು ದ್ರವದ ಮೂಲಕ ಓದಲು ನೋಡಿ, ಫೋನಿನಲ್ಲಿ ಫೋಟೊ ತೆಗೆಯಿರಿ. ಎರಡು ಸುತ್ತು ಉರಿಸಿ ಆರಿಸಿದ ಮೇಲೆ ಅದೇ ಜಾಗ, ಅದೇ ಬೆಳಕಿನಲ್ಲಿ ಮತ್ತೊಂದು ಫೋಟೊ. ತಿಳಿಯಾಗುತ್ತಾ ಬಂದಿದ್ದರೆ ಕಾಯಬಹುದು. ಇದ್ದ ಹಾಗೇ ಇದ್ದರೆ ತುಂಬುವಾಗಲೇ ಮೇಣ ಮತ್ತು ದ್ರವ ಕಲೆತುಹೋಗಿದೆ, ಅಥವಾ ಎರಡರ ನಡುವಿನ ಸೋಪಿನಂಥ ಅಂಶ ಹೆಚ್ಚಾಗಿದೆ. ಅದು ಉರಿಸಿ ಉರಿಸಿ ಹೋಗುವಂಥದ್ದಲ್ಲ. ಫೋಟೊಗಳ ಜೊತೆ ಅವಧಿ ಮುಗಿಯುವ ಮೊದಲೇ ವಾಪಸ್ ಕಳುಹಿಸಿ. ಬದಲಿಗೆ ಬಂದದ್ದು ಅದೇ ಬ್ಯಾಚಿನದ್ದಾದರೆ ದುಡ್ಡೇ ಕೇಳುವುದು ಮೇಲು.

ಬಿಸಿ ಇರುವಾಗ ಬಾಟಲಿ ಎತ್ತಿ ಅಲುಗಿಸಿದರೆ ಚೆನ್ನಾಗಿದ್ದ ದೀಪವೂ ಹೀಗೇ ಆಗುತ್ತದೆ. ಮಕ್ಕಳಿರುವ ಮನೆಯಲ್ಲಿ ಎತ್ತರದಲ್ಲಿ ಇಡಿ. ಕಿಟಕಿಯ ಬಿಸಿಲು ಬೀಳುವ ಕಡೆಯೂ ಬೇಡ, ಬಣ್ಣ ಹಾರುತ್ತದೆ.

ಪ್ರಶ್ನೆ: ಅಮೆರಿಕದಲ್ಲಿದ್ದ ಚಿಕ್ಕಪ್ಪ ತಂದ ಹಳೆಯ ಲಾವಾ ಲ್ಯಾಂಪ್ ಇದೆ. ಚಿನ್ನದ ಬಣ್ಣದ ತಳ, ಅದರಲ್ಲಿ ನಕ್ಷತ್ರದಂತೆ ಬೆಳಕು ಬೀಳುವ ಸಣ್ಣ ತೂತುಗಳು. ವರ್ಷಗಟ್ಟಲೆ ಅಟ್ಟದಲ್ಲಿತ್ತು. ದ್ರವದ ಬಣ್ಣ ಹೋಗಿ ಕೊಳಕಾಗಿದೆ, ಮೇಣ ಗಟ್ಟಿಯಾಗಿದೆ. ಇದನ್ನು ಇಲ್ಲಿ ಉರಿಸಬಹುದೇ? ದ್ರವ ಬದಲಿಸಬಹುದೇ?
– ಓದುಗರು, ಕುಂದಾಪುರ

ಉತ್ತರ: ವರ್ಣನೆ ನೋಡಿದರೆ 'ಸೆಂಚುರಿ' ಮಾದರಿ, ತೂತಿನ ತಳದಿಂದಲೇ ಹೆಸರಾದದ್ದು. ಪ್ಲಗ್‌ಗೆ ಅಡಾಪ್ಟರ್ ಹಾಕಿ ಹಾಗೇ ಚುಚ್ಚಬೇಡಿ. ಅಲ್ಲಿಯದು 120 ವೋಲ್ಟ್. ಆ ಬಲ್ಬನ್ನು 230ಕ್ಕೆ ಕೊಟ್ಟರೆ ಕೂಡಲೇ ಸುಟ್ಟುಹೋಗುತ್ತದೆ, ಗಾಜು ಒಡೆಯಲೂಬಹುದು. (ಗಲ್ಫ್‌ನಿಂದ ತಂದವರೂ ಬಲ್ಬಿನ ಮೇಲೆ ಬರೆದ ವೋಲ್ಟ್ ಓದಿ. ದುಬೈಯದ್ದು ತೊಂದರೆಯಿಲ್ಲ. ಸೌದಿಯ ಮನೆಗಳಲ್ಲಿ ಮೊದಲು 127 ವೋಲ್ಟ್ ಇತ್ತು.)

ದಾರಿ ಎರಡು. ಮೊದಲನೆಯದು 230ರಿಂದ 110ಕ್ಕೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್, 100 ವಿ.ಎ. ಇರಲಿ. ಆದರೆ 120 ವೋಲ್ಟ್‌ನ 40 ವಾಟ್ ಬಲ್ಬ್ 110ರಲ್ಲಿ 35 ವಾಟ್ ಮಾತ್ರ ಕೊಡುತ್ತದೆ. ಮಳೆಗಾಲದಲ್ಲಿ ಮೇಣ ಸೋಮಾರಿಯಾಗಬಹುದು. ಎರಡನೆಯದು ಹೋಲ್ಡರ್ ಮತ್ತು ವೈರ್ ಎರಡನ್ನೂ ಬದಲಿಸುವುದು. ನಮ್ಮ ಸಲಹೆ ಇದಕ್ಕೇ. ಅಟ್ಟದಲ್ಲಿದ್ದ ಹಳೆಯ ವೈರಿನ ರಬ್ಬರ್ ಬಗ್ಗಿಸಿದರೆ ಪುಡಿಯಾಗುತ್ತದೆ, ಸಮುದ್ರದ ಗಾಳಿಗೆ ಹೋಲ್ಡರಿನ ಹಿತ್ತಾಳೆ ಹಸಿರುಗಟ್ಟಿರುತ್ತದೆ. ಸಣ್ಣ ತಿರುಪಿನ ಇ14 ಹೋಲ್ಡರ್, 230 ವೋಲ್ಟ್‌ನ 40 ವಾಟ್ ಬಲ್ಬ್, ಮೂರು ಎಳೆಯ ವೈರ್, ಮೂರು ಪಿನ್ ಪ್ಲಗ್ ಹಾಕಿ. ಅಮೆರಿಕದ ಎರಡು ಪಿನ್‌ನಲ್ಲಿ ಅರ್ತ್ ಇರುವುದಿಲ್ಲ, ಲೋಹದ ತಳಕ್ಕೆ ಅದು ಬೇಕೇ ಬೇಕು. ತಳದ ಲೋಹದ ಬಣ್ಣ ಒಂದು ಕಡೆ ಕೆರೆದು, ಅರ್ತ್‌ನ ಹಸಿರು ಎಳೆಯನ್ನು ಅಲ್ಲಿಗೆ ಸ್ಕ್ರೂ ಮಾಡಿಸಿ. ಹೊಸ ಬಲ್ಬಿನ ತುದಿ ಹಳೆಯದು ಇದ್ದಷ್ಟೇ ಎತ್ತರಕ್ಕೆ ಬರಬೇಕು, ಗಾಜಿಗೆ ತಾಗಬಾರದು. ಇದನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿದರೂ ಈ ಎತ್ತರ ನೀವೇ ಅಳೆದು ಹೇಳಿ, ಅವರಿಗೆ ಅದರ ಮಹತ್ವ ಗೊತ್ತಿರುವುದಿಲ್ಲ.

ದ್ರವಕ್ಕೆ ಕೈ ಹಾಕುವ ಮೊದಲು ಕೆಲವು ದಿನ ಉರಿಸಿ ನೋಡಿ. ಹರಿಯುತ್ತಿದ್ದು ಬರೀ ಬಣ್ಣ ಮಾಸಿದ್ದರೆ ಬಿಟ್ಟುಬಿಡುವುದೇ ಜಾಣತನ. ಮೂಲ ದ್ರವ ಇರುವ ಸೆಂಚುರಿಗೆ ಸಂಗ್ರಾಹಕರಲ್ಲಿ ಬೆಲೆ ಇದೆ, ಒಮ್ಮೆ ಚೆಲ್ಲಿದರೆ ಅದು ಮತ್ತೆ ಬರುವುದಿಲ್ಲ. ನಿಜಕ್ಕೂ ಕೊಳಕಾಗಿ ಏನೂ ಕಾಣಿಸದಿದ್ದರೆ ಮಾತ್ರ ಮುಂದಿನದ್ದು.

ಬೇಕಾದವು: ಡಿಸ್ಟಿಲ್ಡ್ ವಾಟರ್ ಮೂರು ಲೀಟರ್, ಮೆಡಿಕಲ್‌ನಲ್ಲಿ ಸಿಗುವ ಎಪ್ಸಮ್ ಸಾಲ್ಟ್ 100 ಗ್ರಾಂ, ಪಾತ್ರೆ ತೊಳೆಯುವ ಬಣ್ಣವಿಲ್ಲದ ಲಿಕ್ವಿಡ್, 10 ಮಿ.ಲೀ. ಸಿರಿಂಜ್, ಉದ್ದದ ಸ್ಟ್ರಾ, ಕೈಗವಸು. ಇನ್ವರ್ಟರ್‌ಗೆ ಹಾಕುವ ಬ್ಯಾಟರಿ ನೀರು ಆಗುತ್ತದೆ, ಆದರೆ ಸೀಲ್ ಇರುವ ಬಾಟಲಿಯದ್ದೇ ತನ್ನಿ. ಬಾವಿ ನೀರು ಬೇಡ. ನಮ್ಮ ಮುರಕಲ್ಲಿನ ಬಾವಿಗಳಲ್ಲಿ ಕಬ್ಬಿಣದ ಅಂಶವಿರುತ್ತದೆ, ಕೆಲವೇ ದಿನದಲ್ಲಿ ಕಂದು ಬಣ್ಣ ಬರುತ್ತದೆ. ಅಡಿಕೆ ತೋಟಕ್ಕೆ ಹಾಕುವ ಮೆಗ್ನೀಸಿಯಂ ಸಲ್ಫೇಟ್ ಕೂಡ ಎಪ್ಸಮ್ ಸಾಲ್ಟೇ, ಆದರೆ ಗೊಬ್ಬರದ ದರ್ಜೆಯದ್ದರಲ್ಲಿ ಮಡ್ಡಿ ಇರುತ್ತದೆ.

ದೀಪ ಪೂರ್ತಿ ತಣಿದು ಮೇಣ ಕಲ್ಲಾಗಿರುವಾಗ, ಕಿಟಕಿ ತೆರೆದಿಟ್ಟು ಕೆಲಸ ಶುರು ಮಾಡಿ. ದ್ರವದ ಮಟ್ಟಕ್ಕೆ ಹೊರಗಿನಿಂದ ಟೇಪ್ ಅಂಟಿಸಿ. ಬಾಯಿಗೆ ಇರುವುದು ಸೋಡಾ ಬಾಟಲಿಯಂಥ ಮುಚ್ಚಳ. ಓಪನರ್‌ನಿಂದ ಒಂದೇ ಕಡೆ ಎಳೆದರೆ ಗಾಜಿನ ತುಟಿ ಹಾರುತ್ತದೆ. ಸಣ್ಣ ಸ್ಕ್ರೂಡ್ರೈವರ್‌ನಿಂದ ಅಂಚಿನ ಒಂದೊಂದೇ ಹಲ್ಲನ್ನು ಸುತ್ತಲೂ ಸ್ವಲ್ಪ ಸ್ವಲ್ಪ ಎತ್ತಿ. ತೆರೆದ ಕೂಡಲೇ ಡ್ರೈಕ್ಲೀನಿಂಗ್ ಅಂಗಡಿಯ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ, ಮುಚ್ಚಿ, ಕೋಣೆಯ ಹೊರಗಿಡಿ. ವಾಸನೆಯಿಲ್ಲದಿದ್ದರೆ ಹಳೆಯ ದ್ರವವನ್ನು ನಿಧಾನ ಬೇರೆ ಬಾಟಲಿಗೆ ಬಗ್ಗಿಸಿ. ತೋಟಕ್ಕೂ ಬಾವಿಕಟ್ಟೆಯ ಹತ್ತಿರವೂ ಚೆಲ್ಲಬೇಡಿ. ತಣ್ಣನೆಯ ಡಿಸ್ಟಿಲ್ಡ್ ನೀರನ್ನು ಗೋಡೆಯ ಮೇಲೆ ಜಾರಿಸಿ ಹಾಕಿ, ತಿರುಗಿಸಿ, ಚೆಲ್ಲಿ. ನೀರು ತಿಳಿಯಾಗುವವರೆಗೆ ಹೀಗೆ ಮಾಡಿ. ಒಳಗೆ ಬ್ರಷ್ ಹಾಕಬೇಡಿ, ಮೇಣದ ಪುಡಿ ಎದ್ದರೆ ಹೊಸ ದ್ರವವೂ ಮಬ್ಬಾಗುತ್ತದೆ.

ಆಮೇಲೆ ಕುದಿಸಿ ಆರಿಸಿದ ಡಿಸ್ಟಿಲ್ಡ್ ನೀರನ್ನು ಟೇಪ್ ಗುರುತಿಗಿಂತ ಸುಮಾರು 100 ಮಿ.ಲೀ. ಕಡಿಮೆಯಾಗುವಂತೆ ತುಂಬಿ, ತಳದ ಮೇಲಿಟ್ಟು, ಮುಚ್ಚಳವಿಲ್ಲದೆ ಎರಡು ಮೂರು ತಾಸು ಉರಿಸಿ. ಮೇಣ ಪೂರ್ತಿ ಕರಗಿ ತಳದಲ್ಲಿ ಗುಮ್ಮಟವಾಗಿ ಕೂರುತ್ತದೆ, ಮೇಲೆ ಏಳುವುದಿಲ್ಲ. ಬರೀ ನೀರು ಅದಕ್ಕೆ ಹಗುರ. ಗಾಬರಿ ಬೇಡ, ಇದು ಸರಿಯಾದ ಲಕ್ಷಣ. ಇಷ್ಟರೊಳಗೆ 100 ಮಿ.ಲೀ. ಬಿಸಿ ಡಿಸ್ಟಿಲ್ಡ್ ನೀರಿಗೆ 50 ಗ್ರಾಂ ಎಪ್ಸಮ್ ಸಾಲ್ಟ್ ಕರಗಿಸಿ ಬಟ್ಟೆಯಲ್ಲಿ ಸೋಸಿಟ್ಟುಕೊಳ್ಳಿ. ಇದನ್ನು ಉಗುರುಬೆಚ್ಚಗೆ ಇರುವಾಗ ಒಂದು ಸಲಕ್ಕೆ 5 ಮಿ.ಲೀ. ಹಾಕಿ, ಸ್ಟ್ರಾದಿಂದ ಮೇಲಿನ ಅರ್ಧ ಭಾಗವನ್ನು ಮಾತ್ರ ನಿಧಾನ ಕದಡಿ, ಕಾಲು ತಾಸು ಕಾಯಿರಿ. ಗುಮ್ಮಟದ ತುದಿ ಎದ್ದು ಕತ್ತು ಉದ್ದ ಮಾಡಲು ಶುರುವಾದ ಕೂಡಲೇ 1 ಮಿ.ಲೀ.ಗೆ ಇಳಿಯಿರಿ. ಹೆಚ್ಚಿನವರು ಹಾಳು ಮಾಡುವುದು ಇಲ್ಲೇ: ಅವಸರಕ್ಕೆ ಎರಡು ಸಿರಿಂಜ್ ಒಟ್ಟಿಗೆ ಹಾಕಿ, ಮೇಣವೆಲ್ಲ ಮೇಲೆ ಹೋಗಿ ಕೂರುತ್ತದೆ. ಆದರೆ ಸರಿಪಡಿಸಬಹುದು. 20 ಮಿ.ಲೀ. ದ್ರವ ತೆಗೆದು ಅಷ್ಟೇ ಬರೀ ನೀರು ಹಾಕಿ, ಮತ್ತೆ ಕಾಯಿರಿ.

ಉಪ್ಪಿನಿಂದ ಮೇಣ ಏಳುತ್ತದೆ, ಆದರೆ ಉಂಡೆ ಬಿಡಿಸಿಕೊಳ್ಳದೆ ಕಂಬವಾಗಿಯೇ ನಿಂತರೆ ಸೋಪು ಬೇಕು. ಪಾತ್ರೆ ಲಿಕ್ವಿಡ್ ಒಂದು ಹನಿಯನ್ನು 10 ಮಿ.ಲೀ. ನೀರಿಗೆ ಕಲಸಿ, ಅದರಿಂದ ಅರ್ಧ ಅರ್ಧ ಮಿ.ಲೀ. ಹಾಕುತ್ತಾ ಹೋಗಿ. ಇದು ಹೆಚ್ಚಾದರೆ ತೆಗೆಯಲು ಬರುವುದಿಲ್ಲ: ಮೇಣ ಸಾಸಿವೆ ಕಾಳಿನಷ್ಟಾಗಿ ಒಡೆದು ದ್ರವ ಹಾಲಾಗುತ್ತದೆ, ಎಲ್ಲ ಚೆಲ್ಲಿ ಮೊದಲಿನಿಂದ ಶುರು ಮಾಡಬೇಕು. ಬಣ್ಣ ಬೇಕಿದ್ದರೆ ಕೊನೆಗೆ ಅಡುಗೆ ಬಣ್ಣ ಎರಡು ಮೂರು ಹನಿ. ಬೇಗ ಮಾಸುತ್ತದೆ, ಬಣ್ಣವಿಲ್ಲದೇ ಇದ್ದರೂ ಚಂದ.

ಮುಚ್ಚುವ ಮೊದಲು ಪೂರ್ತಿ ತಣಿಯಲಿ, ದ್ರವ ಹಳೆಯ ಗುರುತನ್ನು ಮೀರದಿರಲಿ. 900 ಮಿ.ಲೀ. ನೀರು 30 ಡಿಗ್ರಿಯಿಂದ 60ಕ್ಕೆ ಏರಿದಾಗ 11 ಮಿ.ಲೀ.ಯಷ್ಟು ಹಿಗ್ಗುತ್ತದೆ, ಮೇಣ ಹಿಗ್ಗುವುದು ಬೇರೆ. ಬಾಯಿಯ ಹತ್ತಿರ ಮೂರು ನಾಲ್ಕು ಸೆಂಟಿಮೀಟರ್ ಗಾಳಿ ಇರಲೇಬೇಕು. ಹೊಸ ಮುಚ್ಚಳ ಒತ್ತಲು ಸೋಡಾ ತಯಾರಿಸುವವರ ಕೈಯಂತ್ರ ಸಿಕ್ಕಿದರೆ, ಅಳತೆ ಹೊಂದಿದರೆ, ಅದೇ ಸಾಕು. ಕೆಲಸ ಮುಗಿದ ಮೇಲೂ ಹಳೆಯ ಹರಿವು ನೂರಕ್ಕೆ ನೂರು ಬರುತ್ತದೆಂದು ಕಾಯಬೇಡಿ. ದಶಕಗಳಲ್ಲಿ ಮೇಣದೊಳಗಿನ ಭಾರದ ಅಂಶವೂ ಸ್ವಲ್ಪ ಹೋಗಿರುತ್ತದೆ.

ಪ್ರಶ್ನೆ: ನಮ್ಮದು ಮೇಣದ್ದಲ್ಲ, ಮಿನುಗು ಚೂರುಗಳು ತೇಲುವ ಹಳೆಯ ದೀಪ. ಮುಚ್ಚಳದ ಬಳಿ ಒದ್ದೆ ಇದೆ, ಸಿಹಿಸಿಹಿ ವಾಸನೆ. ನೀರು ತುಂಬಿಸಿ ಸರಿ ಮಾಡಬಹುದೇ?
– ಓದುಗರು, ಮಲ್ಪೆ

ಉತ್ತರ: ಬೇಡ. ಹಳೆಯ ಗ್ಲಿಟರ್ ದೀಪಗಳಲ್ಲಿ ನೀರಿನ ಬದಲು ಪರ್‌ಕ್ಲೋರೋಎಥಿಲೀನ್ ಇರುತ್ತಿತ್ತು, ಬಟ್ಟೆ ಡ್ರೈಕ್ಲೀನ್ ಮಾಡುವ ದ್ರಾವಣ. ಸಾಂದ್ರತೆ 1.62, ಆದ್ದರಿಂದಲೇ ಚೂರುಗಳು ಅಷ್ಟು ಸೊಗಸಾಗಿ ತೇಲುತ್ತಿದ್ದವು. ಅದರ ಆವಿ ತಲೆಸುತ್ತು ತರುತ್ತದೆ, ದೀರ್ಘಕಾಲ ಉಸಿರಾಡುವುದು ಕ್ಯಾನ್ಸರ್‌ಗೂ ಕಾರಣವಾಗಬಲ್ಲದು. ಉರಿಸಬೇಡಿ, ತೆರೆಯಬೇಡಿ. ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ನಿಲ್ಲಿಸಿ ಮನೆಯ ಹೊರಗೆ ನೆರಳಿನಲ್ಲಿಟ್ಟು, ಕಸ ತೆಗೆದುಕೊಳ್ಳುವವರಿಗೆ ಅಪಾಯಕಾರಿ ತ್ಯಾಜ್ಯ ಎಂದು ಹೇಳಿಯೇ ಕೊಡಿ. ಈಗ ಬರುವ ಗ್ಲಿಟರ್ ದೀಪಗಳು ನೀರು ಆಧಾರದವು, ಚೂರು ಅಷ್ಟು ನಯವಾಗಿ ಆಡುವುದಿಲ್ಲ. ಈ ಒಂದು ವಿಷಯದಲ್ಲಿ ಕಳಪೆಯೇ ಕ್ಷೇಮ.

ಪ್ರಶ್ನೆ: ಮಗಳ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಎಣ್ಣೆ, ಬಣ್ಣದ ನೀರು, ಈನೋ ಹಾಕಿ 'ಲಾವಾ ಲ್ಯಾಂಪ್' ಮಾಡಿದೆವು, ಐದು ನಿಮಿಷಕ್ಕೆ ನಿಂತಿತು. ಮೇಣದಬತ್ತಿಯಿಂದ ನಿಜವಾದದ್ದು ಮಾಡಬಹುದೇ?
– ಓದುಗರು, ಬ್ರಹ್ಮಾವರ

ಉತ್ತರ: ಈನೋದ್ದು ಬೇರೆ ತತ್ವ. ಬಣ್ಣದ ನೀರಿನ ಹನಿಯನ್ನು ಕಾರ್ಬನ್ ಡೈಆಕ್ಸೈಡ್ ಗುಳ್ಳೆ ಎತ್ತಿಕೊಂಡು ಹೋಗುತ್ತದೆ, ಮೇಲೆ ಗುಳ್ಳೆ ಒಡೆದಾಗ ಹನಿ ಬೀಳುತ್ತದೆ. ಅನಿಲ ಮುಗಿದರೆ ಆಟ ಮುಗಿಯಿತು. ಪ್ರದರ್ಶನಕ್ಕೆ ಅದೇ ಸಾಕು, ನಡುನಡುವೆ ಚಿಟಿಕೆ ಚಿಟಿಕೆ ಸೇರಿಸುತ್ತಿರಲಿ. ಮೇಣದಬತ್ತಿಯಿಂದ ಆಗುವುದಿಲ್ಲ, ಮೇಲೆ ಹೇಳಿದಂತೆ ಅದು ತಣ್ಣಗಿದ್ದಾಗಲೇ ತೇಲುತ್ತದೆ. ಅದನ್ನು ಭಾರ ಮಾಡುವ ರಾಸಾಯನಿಕಗಳು ಮನೆಗೆ ತರುವಂಥವಲ್ಲ.

ಪ್ರಶ್ನೆ: ಬಲ್ಬಿನಿಂದ ಕರಗಲು ಮೂರು ತಾಸು ಯಾಕೆ ಕಾಯಬೇಕು? ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲೋ ಗ್ಯಾಸಿನ ಸಣ್ಣ ಉರಿಯಲ್ಲೋ ಇಟ್ಟರೆ ಆಗದೇ?
– ಓದುಗರು, ಉಡುಪಿ

ಉತ್ತರ: ಆಗದು. ಒಲೆಯ ಮೇಲಿಟ್ಟ ಲಾವಾ ಲ್ಯಾಂಪ್ ಸಿಡಿದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2004ರಲ್ಲಿ ಒಬ್ಬರು ಸತ್ತಿದ್ದಾರೆ. ಸೀಲ್ ಮಾಡಿದ ಬಾಟಲಿಯಲ್ಲಿ ಆವಿ ಹೋಗಲು ದಾರಿಯಿಲ್ಲ. ಕುದಿನೀರಿನಲ್ಲಿ ಇಟ್ಟರೆ ಗಾಜಿನ ಹೊರಗೂ ಒಳಗೂ ಬಿಸಿಯ ವ್ಯತ್ಯಾಸಕ್ಕೆ ಬಿರುಕು ಬಿಡುತ್ತದೆ, ಜೊತೆಗೆ ಮೇಣ ಬದಿಯಿಂದ ಕರಗಿ ಗಾಜಿಗೆ ಅಂಟಿಕೊಳ್ಳುತ್ತದೆ. ಸಂಜೆ ಏಳಕ್ಕೆ ಅತಿಥಿಗಳು ಬರುವುದಿದ್ದರೆ ನಾಲ್ಕಕ್ಕೇ ಸ್ವಿಚ್ ಹಾಕಿ. ಕರೆಂಟ್ ಹೋಗಿ ಬಂದರೆ ಇನ್ನೂ ಅರ್ಧ ತಾಸು ಸೇರಿಸಿಕೊಳ್ಳಿ.